ಮಂಜುಗಡ್ಡೆಯ ಮೇಲೆ ಮೋಟಾರು ಓಡಿಸಿದ ಹೆನ್ರಿ ಫೋರ್ಡ್

ಕಾರ ಹುಣ್ಣಿಮೆಯ ದಿನಗಳಲ್ಲಿ ರಾಯಚೂರಿಗೆ ಹೋದವರು ಎತ್ತುಗಳು ಭಾರವಾದ ಕಲ್ಲನ್ನು ಎಳೆಯುವ ಪಂದ್ಯವನ್ನು ನೋಡಿರುತ್ತಾರೆ. ಕೋಸಗಿ, ಮಕ್ತಲ, ಗದ್ವಾಲ ಸೀಮೆಯ ನಮ್ಮ ಮಕ್ಕಳಿಗೆ ಆ ನೋಟ ಹೊಸದಲ್ಲ. ಜೋಡೆತ್ತುಗಳು ನೊಗಕ್ಕೆ ಹೆಗಲು ಕೊಟ್ಟು ನಿಂತಾಗ ಸುತ್ತಲಿನ ಜನ ಉಸಿರು ಬಿಗಿಹಿಡಿಯುತ್ತಾರೆ. ಕಲ್ಲು ಅಲುಗಿದ ಕ್ಷಣದಲ್ಲಿ ಕೂಗು ಮುಗಿಲು ಮುಟ್ಟುತ್ತದೆ. ಅಲ್ಲಿ ತಿರುವುಗಳಿಲ್ಲ, ಉಪಾಯಗಳಿಲ್ಲ. ನೇರ ದಾರಿ, ಮೈಯ ಕಸುವು, ಗೊತ್ತುಪಡಿಸಿದ ಹೊತ್ತು, ಇಷ್ಟೇ ಲೆಕ್ಕ.

ಅಮೆರಿಕ ದೇಶದಲ್ಲಿ ಮೋಟಾರು ಕಾರುಗಳಿಗೂ ಇಂಥದೇ ಒಂದು ಪಂದ್ಯ ಉಂಟು. ಅದನ್ನು ಡ್ರ್ಯಾಗ್ ರೇಸ್ ಎನ್ನುತ್ತಾರೆ. ಎರಡು ಕಾರುಗಳನ್ನು ಅಕ್ಕಪಕ್ಕದಲ್ಲಿ ನಿಲ್ಲಿಸಿ, ನಿಂತಲ್ಲಿಂದಲೇ ಒಮ್ಮೆಗೆ ಹೊರಡಿಸಿ, ಕಾಲು ಮೈಲಿ, ಎಂದರೆ 402 ಮೀಟರಿನ ನೇರ ದಾರಿಯನ್ನು ಯಾವುದು ಮೊದಲು ದಾಟುವುದೋ ಅದನ್ನು ಗೆದ್ದಿತೆನ್ನುವುದು. ಪಂದ್ಯ ಶುರುವಾಯಿತು ಎನ್ನುವಷ್ಟರಲ್ಲಿ ಮುಗಿದಿರುತ್ತದೆ. 1960ರ ದಶಕದಲ್ಲಿ ಅಲ್ಲಿನ ಕಂಪನಿಗಳು ಸಾಧಾರಣ ಗಾತ್ರದ ಕಾರಿನೊಳಗೆ ಬಹು ದೊಡ್ಡ ಎಂಜಿನ್ನನ್ನು ಕೂರಿಸಿ ಮಾರತೊಡಗಿದವು. ಅವಕ್ಕೆ ಮಸಲ್ ಕಾರು, ನಮ್ಮ ಮಾತಿನಲ್ಲಿ ಹೇಳುವುದಾದರೆ ಕಸುವಿನ ಕಾರು, ಎಂಬ ಹೆಸರು ಬಂದಿತು. ಫೋರ್ಡ್ ಕಂಪನಿಯವರು 1964ರಲ್ಲಿ ಡ್ರ್ಯಾಗ್ ಪಂದ್ಯಕ್ಕೆಂದೇ ಮಾಡಿದ ಥಂಡರ್‌ಬೋಲ್ಟ್ ಎಂಬ ಕಾರುಗಳು ಸುಮಾರು ನೂರು ಮಾತ್ರ. ಅದೇ ಕಂಪನಿಯ 1969 ಮತ್ತು 1970ರ ಮಸ್ಟ್ಯಾಂಗ್ ಬಾಸ್ 429 ಎಂಬುವು ಸಾವಿರದ ಮುನ್ನೂರು ಚಿಲ್ಲರೆ. ಉಳಿದುಕೊಂಡಿರುವ ಇಂಥ ಅಪರೂಪದ ಕಾರುಗಳಿಗೆ ಬಟ್ಟೆ ಹೊದಿಸಿ ಜೋಪಾನವಾಗಿ ಇಡಬೇಕೋ, ಮತ್ತೊಮ್ಮೆ ಆ ಕಾಲು ಮೈಲಿಗೆ ಇಳಿಸಿ ಓಡಿಸಬೇಕೋ ಎಂದು ಅಭಿಮಾನಿಗಳು ಇಂದಿಗೂ ವಾದಿಸುತ್ತಾರೆ. ನಮ್ಮ ಹತ್ತನೆಯ ತರಗತಿಯ ಹುಡುಗರು ಮನೆಯವರ ಮೊಬೈಲಿನಲ್ಲಿ ಇಂಥ ಓಟಗಳನ್ನು ನೋಡುವುದು ನಮಗೆ ತಿಳಿಯದ ಸಂಗತಿಯೇನಲ್ಲ. ಆ ಕಾರುಗಳ ಹೆಸರನ್ನು ಪಟಪಟನೆ ಹೇಳಬಲ್ಲ ಅವರಿಗೆ, ಆ ಕಂಪನಿಯನ್ನು ಕಟ್ಟಿದ ಮನುಷ್ಯನು ತಾನೇ ಒಮ್ಮೆ ಹೆಪ್ಪುಗಟ್ಟಿದ ಸರೋವರದ ಮೇಲೆ ಪ್ರಾಣವನ್ನು ಪಣಕ್ಕಿಟ್ಟು ಒಂದು ಮೈಲಿ ಓಡಿಸಿದ್ದನೆಂಬುದು ತಿಳಿದಿರಲಾರದು. ಅವನ ಜೀವನವನ್ನು ಈ ಸಂಚಿಕೆಯಲ್ಲಿ ಹೇಳಲು ಹೊರಟಿದ್ದೇವೆ.

ಹೆನ್ರಿ ಫೋರ್ಡ್ 1863ನೆಯ ಇಸವಿ ಜುಲೈ 30ರಂದು ಮಿಷಿಗನ್ ರಾಜ್ಯದ ಡಿಯರ್‌ಬಾರ್ನ್ ಬಳಿಯ ಒಂದು ಹೊಲಮನೆಯಲ್ಲಿ ಜನಿಸಿದನು. ತಂದೆ ವಿಲಿಯಂ ಐರ್ಲೆಂಡಿನಿಂದ ವಲಸೆ ಬಂದ ರೈತ. ತಾಯಿ ಮೇರಿ. ಮನೆಗೆ ಹಿರಿಯ ಮಗನಾದ ಹೆನ್ರಿ ಹೊಲವನ್ನು ನೋಡಿಕೊಳ್ಳುವನೆಂದು ತಂದೆಯ ಆಸೆ. ಆದರೆ ಹುಡುಗನಿಗೆ ಹಾಲು ಕರೆಯುವುದೂ ಬೇಡ, ಕುದುರೆ ಕಟ್ಟುವುದೂ ಬೇಡ. ಕೈಗೆ ಸಿಕ್ಕ ಗಡಿಯಾರವನ್ನು ಬಿಚ್ಚುವುದು, ಮತ್ತೆ ಕೂಡಿಸುವುದು, ಇದೇ ಅವನ ಆಟ. ನೆರೆಹೊರೆಯವರ ಕೆಟ್ಟ ಗಡಿಯಾರಗಳೆಲ್ಲ ಅವನ ಬಳಿಗೆ ಬರತೊಡಗಿದವು.

1876ನೆಯ ಇಸವಿ ಅವನ ಬಾಳಿನಲ್ಲಿ ಮರೆಯಲಾಗದ ವರ್ಷ. ಹನ್ನೆರಡು ವರ್ಷದ ಹುಡುಗನಾಗಿದ್ದಾಗಲೇ ತಾಯಿ ತೀರಿಕೊಂಡಳು. ಅದೇ ವರ್ಷ, ತಂದೆಯೊಡನೆ ಕುದುರೆ ಗಾಡಿಯಲ್ಲಿ ಹೋಗುತ್ತಿದ್ದಾಗ, ಕುದುರೆಗಳಿಲ್ಲದೆ ತಾನಾಗಿಯೇ ದಾರಿಯ ಮೇಲೆ ಉರುಳಿ ಬರುತ್ತಿದ್ದ ಒಂದು ಉಗಿಯಂತ್ರವನ್ನು ಕಂಡನು. ಒಕ್ಕಣೆಗೂ ಮರ ಕೊಯ್ಯುವುದಕ್ಕೂ ಊರಿಂದೂರಿಗೆ ಸಾಗಿಸುತ್ತಿದ್ದ ಯಂತ್ರವದು. ಹುಡುಗ ಗಾಡಿಯಿಂದ ಜಿಗಿದು, ಯಂತ್ರ ನಡೆಸುವವನನ್ನು ಪ್ರಶ್ನೆಗಳಿಂದ ಮುತ್ತಿದನು. ಆ ದಿನವನ್ನು ಮುಪ್ಪಿನಲ್ಲೂ ಅವನು ನೆನೆಯುತ್ತಿದ್ದನು.

ಹದಿನಾರನೆಯ ವಯಸ್ಸಿಗೆ ಮನೆ ಬಿಟ್ಟು ಡೆಟ್ರಾಯಿಟ್ ನಗರಕ್ಕೆ ಹೋಗಿ ಯಂತ್ರಶಾಲೆಯೊಂದರಲ್ಲಿ ಕೆಲಸ ಕಲಿಯಲು ಸೇರಿದನು. ಹಗಲು ಯಂತ್ರಶಾಲೆ, ಸಂಜೆ ಒಬ್ಬ ಆಭರಣದ ಅಂಗಡಿಯವನಲ್ಲಿ ಗಡಿಯಾರ ರಿಪೇರಿ. ಕೆಲವು ವರ್ಷಗಳ ಬಳಿಕ ಊರಿಗೆ ಮರಳಿ, ಹೊಲಹೊಲಕ್ಕೆ ಉಗಿಯಂತ್ರ ಒಯ್ದು ನಡೆಸುವ ಕೆಲಸ ಮಾಡಿದನು. 1888ರಲ್ಲಿ ಕ್ಲಾರಾ ಬ್ರಯಂಟ್ ಎಂಬವಳನ್ನು ವಿವಾಹವಾದನು. ತಂದೆ ಎಂಬತ್ತು ಎಕರೆ ಜಮೀನು ಕೊಟ್ಟನು. ಇನ್ನಾದರೂ ಮಗ ನೆಲೆ ನಿಲ್ಲುವನೆಂದು ಆ ಹಿರಿಯನು ಬಗೆದಿರಬೇಕು. ಮಗ ಆ ಜಮೀನಿನ ಮರಗಳನ್ನು ಕೊಯ್ದು ಮಾರಿ, 1891ರಲ್ಲಿ ಹೆಂಡತಿಯನ್ನು ಕರೆದುಕೊಂಡು ಮತ್ತೆ ಡೆಟ್ರಾಯಿಟಿಗೆ ಹೊರಟೇಬಿಟ್ಟನು.

ಅಲ್ಲಿ ಎಡಿಸನ್ ವಿದ್ಯುತ್ ಕಂಪನಿಯಲ್ಲಿ ಕೆಲಸ ಸಿಕ್ಕಿತು. ಎರಡೇ ವರ್ಷಗಳಲ್ಲಿ ಮುಖ್ಯ ಎಂಜಿನಿಯರನಾದನು. 1893ರ ನವೆಂಬರಿನಲ್ಲಿ ಒಬ್ಬನೇ ಮಗ ಎಡ್ಸೆಲ್ ಹುಟ್ಟಿದನು. ಆ ಡಿಸೆಂಬರಿನ ಕ್ರಿಸ್‌ಮಸ್ ಹಿಂದಿನ ರಾತ್ರಿ ಫೋರ್ಡ್ ತಾನು ಮಾಡಿದ ಮೊದಲ ಪೆಟ್ರೋಲ್ ಎಂಜಿನ್ನನ್ನು ಅಡಿಗೆಮನೆಗೆ ತಂದು, ಪಾತ್ರೆ ತೊಳೆಯುವ ತೊಟ್ಟಿಗೆ ಬಿಗಿದು, ಕ್ಲಾರಾಳ ಕೈಗೆ ಪೆಟ್ರೋಲಿನ ಬಟ್ಟಲನ್ನು ಕೊಟ್ಟು, ಹನಿಹನಿಯಾಗಿ ಬಿಡಲು ಹೇಳಿದನು. ಪಕ್ಕದ ಕೋಣೆಯಲ್ಲಿ ಕೂಸು ಮಲಗಿತ್ತು. ಎಂಜಿನ್ನು ಕೆಮ್ಮಿ, ಬೆಂಕಿಯುಗುಳಿ, ಮನೆಯನ್ನೆಲ್ಲ ನಡುಗಿಸಿ ತಿರುಗಿತು. ಹಬ್ಬದ ಅಡಿಗೆಯ ನಡುವೆ ಇಂಥ ಉಪದ್ವ್ಯಾಪವನ್ನು ಸಹಿಸಿದ ಆ ತಾಯಿಗೆ ನಾವು ಕೈಮುಗಿಯಬೇಕು.

1896ರ ಜೂನ್ 4ರ ಬೆಳಗಿನ ಜಾವಕ್ಕೆ ಮನೆಯ ಹಿಂದಿನ ಕೊಟ್ಟಿಗೆಯಲ್ಲಿ ಅವನ ಮೊದಲ ಗಾಡಿ ಸಿದ್ಧವಾಯಿತು. ನಾಲ್ಕು ಸೈಕಲ್ ಗಾಲಿ, ಒಂದು ಆಸನ, ನಾಲ್ಕು ಅಶ್ವಶಕ್ತಿಯ ಎಂಜಿನ್ನು. ಹಿಂದಕ್ಕೆ ಚಲಿಸುವ ಏರ್ಪಾಡೇ ಇಲ್ಲ. ಹೊರಗೆ ತರಹೋದರೆ ಬಾಗಿಲು ಕಿರಿದು! ಗಾಡಿಯನ್ನು ಅಳೆದವನು ಬಾಗಿಲನ್ನು ಅಳೆದಿರಲಿಲ್ಲ. ಫೋರ್ಡ್ ಕೊಡಲಿ ಎತ್ತಿಕೊಂಡು ಇಟ್ಟಿಗೆಯ ಗೋಡೆಯನ್ನೇ ಒಡೆದು ಗಾಡಿಯನ್ನು ಬೀದಿಗೆ ತಂದನು. ಕುದುರೆಗಳು ಬೆದರದಂತೆ ಎಚ್ಚರಿಸಲು ಗೆಳೆಯನೊಬ್ಬ ಸೈಕಲಿನಲ್ಲಿ ಮುಂದೆ ಮುಂದೆ ಹೋದನು.

ಬಳಿಕದ ಕಥೆ ಸೋಲಿನದು. 1899ರಲ್ಲಿ ಶ್ರೀಮಂತರು ಹಣ ಹಾಕಿ ಕಟ್ಟಿದ ಮೊದಲ ಕಂಪನಿ ಒಂದೂವರೆ ವರ್ಷದಲ್ಲಿ ಮುಚ್ಚಿತು. ಫೋರ್ಡನಿಗೆ ಆಗ ಮೂವತ್ತೇಳು ವರ್ಷ. ಎಡಿಸನ್ ಕಂಪನಿಯ ಕೆಲಸ ಬಿಟ್ಟಾಗಿತ್ತು. ಹೆಂಡತಿ ಮಗುವಿನೊಡನೆ ತಂದೆಯ ಆಶ್ರಯಕ್ಕೆ ಬರಬೇಕಾಯಿತು. ಹೆಸರು ಕೆಟ್ಟವನಿಗೆ ಮತ್ತೆ ಯಾರು ಹಣ ಕೊಟ್ಟಾರು? ಆಗ ಅವನಿಗೆ ಹೊಳೆದ ದಾರಿ ಪಂದ್ಯದ್ದು. ಆ ಕಾಲದಲ್ಲಿ ಮೋಟಾರು ಗಾಡಿ ಕೊಳ್ಳುವವರೆಲ್ಲ ಧನಿಕರು. ಯಾವ ಗಾಡಿ ಪಂದ್ಯ ಗೆಲ್ಲುವುದೋ ಅದೇ ಒಳ್ಳೆಯದೆಂದು ಅವರ ನಂಬಿಕೆ. ಫೋರ್ಡನಿಗೆ ಪಂದ್ಯದಲ್ಲಿ ಒಲವಿರಲಿಲ್ಲ. ಬೇರೆ ದಾರಿ ಇರಲಿಲ್ಲವಾಗಿ ಆ ದಾರಿ ಹಿಡಿದನು.

1901ರ ಅಕ್ಟೋಬರ್ 10ರಂದು ಡೆಟ್ರಾಯಿಟಿನ ಹತ್ತಿರ ಗ್ರೋಸ್ ಪಾಯಿಂಟ್ ಎಂಬಲ್ಲಿ, ಕುದುರೆ ಜೂಜಿಗೆಂದು ಮಾಡಿದ್ದ ಮಣ್ಣಿನ ಹಾದಿಯಲ್ಲಿ ಪಂದ್ಯ ಏರ್ಪಟ್ಟಿತು. ಎದುರಾಳಿ ಅಲೆಗ್ಸಾಂಡರ್ ವಿಂಟನ್. ದೇಶಕ್ಕೆಲ್ಲ ಹೆಸರಾದ ಕಾರು ತಯಾರಕ, ನುರಿತ ಓಟಗಾರ. ಫೋರ್ಡನ ಗಾಡಿಯ ಎಂಜಿನ್ನು 26 ಅಶ್ವಶಕ್ತಿಯದು. ವಿಂಟನನದು ಅದಕ್ಕಿಂತ ಬಹಳ ಬಲವುಳ್ಳದ್ದು. ಫೋರ್ಡ್ ಅದುವರೆಗೆ ಒಂದು ಪಂದ್ಯದಲ್ಲೂ ಓಡಿಸಿದವನಲ್ಲ. ಬಹುಮಾನವೆಂದರೆ ಸಾವಿರ ಡಾಲರು, ಮೇಲೊಂದು ಗಾಜಿನ ದೊಡ್ಡ ಬೋಗುಣಿ. ಆ ಬೋಗುಣಿ ವಿಂಟನನ ಮನೆಯಲ್ಲಿ ಚೆನ್ನಾಗಿ ಕಂಡೀತೆಂದು ಅವನ ಕಡೆಯವನೇ ಅದನ್ನು ಆರಿಸಿದ್ದನಂತೆ!

ಒಟ್ಟು ಹತ್ತು ಮೈಲಿಯ ಓಟ. ಮೊದಲಿಗೆ ವಿಂಟನ್ ಮುಂದೆ. ತಿರುವು ಬಂದಾಗಲೆಲ್ಲ ಫೋರ್ಡ್ ಅಂಜಿ ವೇಗ ತಗ್ಗಿಸುವನು. ಅವನ ಜೊತೆಗಿದ್ದ ಸ್ಪೈಡರ್ ಹಫ್ ಎಂಬ ಸಹಾಯಕ, ಗಾಡಿ ಮಗುಚದಿರಲೆಂದು, ಪಕ್ಕದ ಹಲಗೆಯ ಮೇಲೆ ಹೊರಕ್ಕೆ ಬಾಗಿ ಜೋತುಬಿದ್ದು ಸಮತೂಕ ಕೊಡುತ್ತಿದ್ದನು. ನೇರ ದಾರಿಯಲ್ಲಿ ಮಾತ್ರ ಫೋರ್ಡನ ಗಾಡಿ ಸ್ವಲ್ಪ ಸ್ವಲ್ಪವೇ ಹತ್ತಿರವಾಗುತ್ತಿತ್ತು. ಏಳೆಂಟು ಸುತ್ತುಗಳಾದ ಮೇಲೆ ವಿಂಟನನ ಎಂಜಿನ್ನು ಕಾದು ಹೊಗೆಯಾಡತೊಡಗಿತು. ಫೋರ್ಡ್ ಅವನನ್ನು ದಾಟಿ ಹದಿಮೂರು ನಿಮಿಷ ಇಪ್ಪತ್ತಮೂರು ಸೆಕೆಂಡುಗಳಲ್ಲಿ ಓಟ ಮುಗಿಸಿದನು. ಬೋಗುಣಿ ಕ್ಲಾರಾಳ ಮನೆ ಸೇರಿತು.

ಗೆಲುವಿನಿಂದ ಎರಡನೆಯ ಕಂಪನಿ ಹುಟ್ಟಿತು, ಕೆಲವೇ ತಿಂಗಳಲ್ಲಿ ಫೋರ್ಡ್ ಅದನ್ನೂ ಬಿಟ್ಟನು. ಹಣ ಹಾಕಿದವರಿಗೆ ಮಾರುವ ಕಾರು ಬೇಕಾಗಿತ್ತು. ಅವನ ತಲೆಯಲ್ಲಿ ಪಂದ್ಯದ ಕಾರು ಕೂತಿತ್ತು. (ಅವನು ಬಿಟ್ಟುಹೋದ ಆ ಕಂಪನಿಯೇ ಮುಂದೆ ಕ್ಯಾಡಿಲಾಕ್ ಎಂದು ಪ್ರಸಿದ್ಧವಾಯಿತು.) 1902ರಲ್ಲಿ ಟಾಮ್ ಕೂಪರ್ ಎಂಬ ಸೈಕಲ್ ಪಂದ್ಯಗಳ ವೀರನ ಹಣದಿಂದ ಅವನು ಒಂದೇ ಬಗೆಯ ಎರಡು ದೈತ್ಯಗಳನ್ನು ಕಟ್ಟಿದನು. ಒಂದರ ಹೆಸರು ಆ್ಯರೋ, ಎಂದರೆ ಬಾಣ. ಇನ್ನೊಂದರ ಹೆಸರು 999. ಆಗ ವೇಗಕ್ಕೆ ಹೆಸರಾಗಿದ್ದ ಒಂದು ರೈಲು ಎಂಜಿನ್ನಿನ ಸಂಖ್ಯೆ ಅದು.

ಈ ಗಾಡಿಗಳ ವಿಷಯವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಕಸುವಿನ ಕಾರುಗಳ ಮೂಲಪುರುಷರೆಂದರೆ ಇವೇ. ನಮ್ಮ ಬೀದಿಗಳಲ್ಲಿ ಓಡಾಡುವ ಸಾಧಾರಣ ಮೋಟಾರು ಸೈಕಲಿನ ಸಿಲಿಂಡರಿನ ಗಾತ್ರ ನೂರು ಸಿಸಿ, ಎಂದರೆ ಒಂದು ಲೀಟರಿನ ಹತ್ತನೆಯ ಒಂದು ಪಾಲು. 999ರ ನಾಲ್ಕು ಸಿಲಿಂಡರುಗಳ ಒಟ್ಟು ಗಾತ್ರ ಸುಮಾರು ಹತ್ತೊಂಬತ್ತು ಲೀಟರು. ಒಂದೊಂದು ಸಿಲಿಂಡರೂ ನಲವತ್ತೇಳು ಮೋಟಾರು ಸೈಕಲುಗಳಿಗೆ ಸಮ! ಇಷ್ಟಿದ್ದೂ ಶಕ್ತಿ ಸುಮಾರು ಎಂಬತ್ತು ಅಶ್ವಶಕ್ತಿ ಮಾತ್ರ. ಅಂದಿನ ಎಂಜಿನ್ನುಗಳು ನಿಧಾನವಾಗಿ ತಿರುಗುತ್ತಿದ್ದವು, ಇಂಧನವನ್ನು ಇಂದಿನಷ್ಟು ಬಿಗಿಯಾಗಿ ಒತ್ತಿ ಉರಿಸುತ್ತಿರಲಿಲ್ಲ. ಹೆಚ್ಚು ಬಲ ಬೇಕೆಂದರೆ ಸಿಲಿಂಡರನ್ನೇ ಹಿಗ್ಗಿಸಬೇಕಾಗಿತ್ತು. ಗಾಡಿಗೆ ಮೈಯೇ ಇಲ್ಲ. ಮರದ ಚೌಕಟ್ಟಿನ ಮೇಲೆ ಬರಿಯ ಎಂಜಿನ್ನು, ಹಿಂದೊಂದು ಆಸನ, ತಿರುಗಿಸಲು ಚಕ್ರದ ಬದಲು ಎರಡೂ ಕೈಗಳಿಂದ ಹಿಡಿಯುವ ಕಬ್ಬಿಣದ ಹಿಡಿಕೆ. ತಿರುಗುವ ಭಾಗಗಳಿಗೆ ಮುಚ್ಚಳವಿರಲಿಲ್ಲವಾಗಿ ಎಣ್ಣೆ ಓಡಿಸುವವನ ಮುಖಕ್ಕೇ ಸಿಡಿಯುತ್ತಿತ್ತು. ಎಂಜಿನ್ನಿನ ಗರ್ಜನೆಗೇ ಅರ್ಧ ಜೀವ ಹೋಗುವಂತಿತ್ತೆಂದು ಕಟ್ಟಿದವನೇ ಒಪ್ಪಿಕೊಂಡಿದ್ದಾನೆ. ಫೋರ್ಡನಿಗೂ ಕೂಪರನಿಗೂ ಪಂದ್ಯದಲ್ಲಿ ಅದನ್ನು ಓಡಿಸುವ ಧೈರ್ಯ ಬರಲಿಲ್ಲ. ಬಾರ್ನಿ ಓಲ್ಡ್‌ಫೀಲ್ಡ್ ಎಂಬ ಸೈಕಲ್ ಓಟಗಾರನನ್ನು ಕರೆತಂದರು. ಅವನು ಮೋಟಾರು ಓಡಿಸಿದವನೇ ಅಲ್ಲ! ಒಂದು ವಾರದಲ್ಲಿ ಕಲಿತು, 1902ರ ಅಕ್ಟೋಬರ್ 25ರಂದು ತಿರುವುಗಳಲ್ಲೂ ವೇಗ ತಗ್ಗಿಸದೆ ಐದು ಮೈಲಿಯನ್ನು ಐದು ನಿಮಿಷ ಇಪ್ಪತ್ತೆಂಟು ಸೆಕೆಂಡುಗಳಲ್ಲಿ ಓಡಿಸಿ ವಿಂಟನನನ್ನು ಮತ್ತೆ ಸೋಲಿಸಿದನು. ಅಷ್ಟರಲ್ಲಿ ಫೋರ್ಡ್ ಆ ಗಾಡಿಯ ಪಾಲನ್ನು ಕೂಪರನಿಗೆ ಮಾರಿಬಿಟ್ಟಿದ್ದನು. ಹೆಸರು ಮಾತ್ರ ಫೋರ್ಡನಿಗೇ ಬಂದಿತು.

ಆ ಹೆಸರಿನ ಬಲದಿಂದ 1903ರ ಜೂನ್ 16ರಂದು ಹನ್ನೆರಡು ಮಂದಿ ಪಾಲುದಾರರು, ಇಪ್ಪತ್ತೆಂಟು ಸಾವಿರ ಡಾಲರು ನಗದಿನೊಡನೆ ಫೋರ್ಡ್ ಮೋಟಾರು ಕಂಪನಿ ಹುಟ್ಟಿತು. ಇದು ಮೂರನೆಯ ಯತ್ನ. ಈ ಬಾರಿ ಕಾರುಗಳು ಮಾರಾಟವಾದವು.

ಆದರೆ ಆ ವರ್ಷದ ಸೆಪ್ಟೆಂಬರಿನಲ್ಲಿ ಆ್ಯರೋ ಗಾಡಿಯನ್ನು ಮಿಲ್ವಾಕಿ ನಗರದ ಪಂದ್ಯದಲ್ಲಿ ಓಡಿಸುತ್ತಿದ್ದ ಫ್ರಾಂಕ್ ಡೇ ಎಂಬ ಯುವಕ ಅಪಘಾತದಲ್ಲಿ ಮಡಿದನು. ಪಂದ್ಯದ ಚರಿತ್ರೆ ಬರೆಯುವವರು ಈ ಹೆಸರನ್ನು ಒಂದು ಸಾಲಿನಲ್ಲಿ ದಾಟಿಹೋಗುವುದುಂಟು. ಫೋರ್ಡ್ ಆ ಮುರಿದ ಗಾಡಿಯನ್ನು ತರಿಸಿ, ಮತ್ತೆ ಕಟ್ಟಿ, ಅದಕ್ಕೂ 999 ಎಂದೇ ಹೆಸರಿಟ್ಟನು. ಮುಂದೆ ಹೇಳುವ ಸಾಹಸ ನಡೆದದ್ದು ಒಂದು ಜೀವವನ್ನು ಬಲಿ ತೆಗೆದುಕೊಂಡ ಅದೇ ಗಾಡಿಯಲ್ಲಿ.

1904ರ ಜನವರಿ. ಕಂಪನಿಯ ಹೊಸ ಮಾದರಿಯ ಕಾರು ಮಾರುಕಟ್ಟೆಗೆ ಬರಬೇಕಾಗಿತ್ತು. ಜನರ ಕಣ್ಣು ತಿರುಗಿಸುವಂಥ ಏನಾದರೂ ಆಗಬೇಕಾಗಿತ್ತು. ಆದರೆ ಅಂದಿನ ದಾರಿಗಳೆಲ್ಲ ಕೆಸರು, ಗಾಲಿಜಾಡು. ಒಂದು ಮೈಲಿ ನೇರವೂ ಸಮತಟ್ಟೂ ಆದ ದಾರಿ ಎಲ್ಲಿದೆ? ಸೇಂಟ್ ಕ್ಲೇರ್ ಸರೋವರದ ಮೇಲಿದೆ ಎಂದನು ಫೋರ್ಡ್. ಆ ಸೀಮೆಯ ಚಳಿಗಾಲದಲ್ಲಿ ಸರೋವರಗಳ ಮೇಲ್ಭಾಗ ಅಡಿಗಟ್ಟಲೆ ದಪ್ಪಕ್ಕೆ ಮಂಜುಗಡ್ಡೆಯಾಗುತ್ತದೆ. ಬೇಸಿಗೆಯಲ್ಲಿ ಒಣಗಿದ ಕೆರೆಯಂಗಳದಲ್ಲಿ ಗಾಡಿ ಹೊಡೆಯುವುದನ್ನು ಕಂಡ ನಮಗೆ, ತುಂಬಿದ ಕೆರೆಯ ಮೇಲೆಯೇ ಗಾಡಿ ಹೊಡೆಯುವುದನ್ನು ಊಹಿಸುವುದು ತುಸು ಕಷ್ಟವೇ. ಹಿಮವನ್ನು ಗುಡಿಸಿ ನೇರವಾದ ಪಟ್ಟಿ ಮಾಡಿಸಿ, ಗಾಲಿಗಳು ಜಾರದಂತೆ ಅದರ ಮೇಲೆ ಕಲ್ಲಿದ್ದಲಿನ ಕಿಟ್ಟ ಹರಡಿಸಿದರು. ವೇಗ ಕೂಡಿಸಿಕೊಳ್ಳಲು ಮುಂದೆಯೂ, ನಿಲ್ಲಿಸಿಕೊಳ್ಳಲು ಹಿಂದೆಯೂ ಜಾಗ ಬಿಟ್ಟು, ನಡುವಣ ಒಂದು ಮೈಲಿಗೆ ಮಾತ್ರ ಗಡಿಯಾರ.

ಜನವರಿ 12ರಂದು ಫೋರ್ಡ್ ತಾನೇ ಹಿಡಿಕೆ ಹಿಡಿದು ಕುಳಿತನು. ಜೊತೆಗೆ ಅದೇ ಸ್ಪೈಡರ್ ಹಫ್. ದಂಡೆಯಲ್ಲಿ ಕ್ಲಾರಾ, ಹತ್ತು ವರ್ಷದ ಎಡ್ಸೆಲ್. ನೋಡಲು ಸಮವಾಗಿದ್ದ ಮಂಜುಗಡ್ಡೆಯಲ್ಲಿ ಬಿರುಕುಗಳಿದ್ದವು. ಒಂದೊಂದು ಬಿರುಕು ಬಂದಾಗಲೂ ಗಾಡಿ ನೆಲ ಬಿಟ್ಟು ಹಾರುವುದು, ಬಿದ್ದು ಅಡ್ಡಡ್ಡಲಾಗಿ ಜಾರುವುದು. ಅದನ್ನು ನೇರಕ್ಕೆ ತರುವಷ್ಟರಲ್ಲಿ ಮತ್ತೊಂದು ಬಿರುಕು. ಮೂವತ್ತೊಂಬತ್ತು ಸೆಕೆಂಡುಗಳು ಮತ್ತು ಒಂದು ಸೆಕೆಂಡಿನ ಹತ್ತರ ನಾಲ್ಕು ಪಾಲು. ಗಂಟೆಗೆ 91.37 ಮೈಲಿ, ಇಂದಿನ ಲೆಕ್ಕದಲ್ಲಿ 147 ಕಿಲೋಮೀಟರು. ಅಂದಿಗೆ ಭೂಮಿಯ ಮೇಲೆ ಯಾವ ಮೋಟಾರು ಗಾಡಿಯೂ ಮುಟ್ಟಿರದ ವೇಗ.

ಈ ದಾಖಲೆ ಬಾಳಿದ್ದು ಹದಿನೈದು ದಿನ. ಜನವರಿ 27ರಂದು ವ್ಯಾಂಡರ್‌ಬಿಲ್ಟ್ ಎಂಬ ಸಿರಿವಂತ ಫ್ಲಾರಿಡಾದ ಕಡಲ ಮರಳಿನ ಮೇಲೆ ಇನ್ನೂ ತುಸು ವೇಗವಾಗಿ ಓಡಿಸಿದನು. ಫೋರ್ಡ್ ಮತ್ತೆ ಆ ಗೊಡವೆಗೆ ಹೋಗಲಿಲ್ಲ. ಅವನಿಗೆ ಬೇಕಾದದ್ದು ಸಿಕ್ಕಿತ್ತು.

ಇಲ್ಲಿಂದ ಮುಂದಿನದು ಎಲ್ಲ ಪಠ್ಯಪುಸ್ತಕಗಳಲ್ಲೂ ಇರುವ ಕಥೆ, ಬೇಗನೆ ಹೇಳುತ್ತೇವೆ. 1908ರ ಅಕ್ಟೋಬರಿನಲ್ಲಿ ಟಿ ಮಾದರಿಯ ಕಾರು ಬಂದಿತು. ಇಪ್ಪತ್ತೇ ಅಶ್ವಶಕ್ತಿ, ಆದರೆ ರೈತನೂ ಕೊಳ್ಳಬಹುದಾದ, ಕೆಸರಿನಲ್ಲೂ ನಡೆಯುವ, ಮನೆಯಲ್ಲೇ ರಿಪೇರಿ ಮಾಡಿಕೊಳ್ಳಬಹುದಾದ ಗಾಡಿ. 1913ರಲ್ಲಿ ಕೆಲಸಗಾರನ ಮುಂದೆ ಗಾಡಿಯೇ ಸಾಗಿಬರುವ ಜೋಡಣೆಯ ಸಾಲು ಶುರುವಾಯಿತು. ಹನ್ನೆರಡೂವರೆ ಗಂಟೆ ಹಿಡಿಯುತ್ತಿದ್ದ ಚೌಕಟ್ಟಿನ ಜೋಡಣೆ ತೊಂಬತ್ತಮೂರು ನಿಮಿಷಕ್ಕೆ ಇಳಿಯಿತು. ದಿನವಿಡೀ ಒಂದೇ ತಿರುಪನ್ನು ತಿರುಗಿಸುವ ಬೇಸರಕ್ಕೆ ಕೆಲಸಗಾರರು ಗುಂಪುಗುಂಪಾಗಿ ಬಿಟ್ಟುಹೋಗತೊಡಗಿದಾಗ, 1914ರ ಜನವರಿಯಲ್ಲಿ ಎಂಟು ಗಂಟೆಯ ಕೆಲಸಕ್ಕೆ ಐದು ಡಾಲರು ಎಂದು ಸಾರಿ ಜಗತ್ತನ್ನೇ ಬೆರಗುಗೊಳಿಸಿದನು. ಅದು ಹಿಂದಿನ ಕೂಲಿಯ ಎರಡು ಪಟ್ಟು. ಆದರೆ ಆ ಪೂರ್ತಿ ಕೂಲಿ ಪಡೆಯಲು ಕೆಲಸಗಾರ ಕುಡಿಯುತ್ತಾನೆಯೇ, ಮನೆ ಚೊಕ್ಕಟವಾಗಿದೆಯೇ ಎಂದು ಕಂಪನಿಯವರು ಮನೆಗೇ ಬಂದು ವಿಚಾರಿಸುತ್ತಿದ್ದರೆಂಬುದನ್ನೂ ಹೇಳಬೇಕು. 1927ರ ಹೊತ್ತಿಗೆ ಒಂದೂವರೆ ಕೋಟಿ ಟಿ ಕಾರುಗಳು ಹೊರಬಂದಿದ್ದವು. ಬೆಲೆ ಎಂಟುನೂರು ಚಿಲ್ಲರೆಯಿಂದ ಮುನ್ನೂರು ಡಾಲರಿಗಿಂತ ಕೆಳಗೆ ಇಳಿದಿತ್ತು. 1926ರಲ್ಲಿ ಭಾರತದಲ್ಲೂ ಕಂಪನಿಯ ಶಾಖೆ ತೆರೆಯಿತು.

ಇಷ್ಟೆಲ್ಲ ಸಾಧಿಸಿದವನಿಗೆ ಒಂದು ಮಾತ್ರ ಸಾಧ್ಯವಾಗಲಿಲ್ಲ. ಚಕ್ರವನ್ನು ಇನ್ನೊಬ್ಬರ ಕೈಗೆ ಕೊಡುವುದು ಅವನಿಂದಾಗಲಿಲ್ಲ. 1912ರಲ್ಲಿ ಅವನು ಯೂರೋಪಿನ ಪ್ರವಾಸದಿಂದ ಮರಳಿದಾಗ, ಅವನ ಎಂಜಿನಿಯರುಗಳು ಯಜಮಾನ ಸಂತೋಷಪಡುವನೆಂದು ಟಿ ಮಾದರಿಗಿಂತ ಚೆನ್ನಾದ ಹೊಸ ಕಾರೊಂದನ್ನು ಮಾಡಿ ನಿಲ್ಲಿಸಿದ್ದರು. ಫೋರ್ಡ್ ಜೇಬಿನಲ್ಲಿ ಕೈಯಿಟ್ಟುಕೊಂಡು ಅದನ್ನು ಸುತ್ತು ಹಾಕಿ ನೋಡಿ, ಬಾಗಿಲುಗಳನ್ನು ಕಿತ್ತೆಸೆದು, ಗಾಜು ಒಡೆದು, ಆ ಕಾರನ್ನು ತನ್ನ ಕೈಯಿಂದಲೇ ಹಾಳುಮಾಡಿದನು. ಹೊಸ ಗಾಡಿ ಹೊರಗೆ ಬರಲೆಂದು ಗೋಡೆ ಒಡೆದ ಕೈಗಳೇ ಅವು. ಎಡ್ಸೆಲ್ 1919ರಲ್ಲಿ ಕಂಪನಿಯ ಅಧ್ಯಕ್ಷನಾದನು, ಹೆಸರಿಗೆ. ಮಗ ಕೊಟ್ಟ ಆಜ್ಞೆಯನ್ನು ತಂದೆ ಎಲ್ಲರ ಮುಂದೆ ರದ್ದುಮಾಡುವನು. ಮೃದು ಸ್ವಭಾವದ ಎಡ್ಸೆಲ್ ಎದುರಾಡಲಿಲ್ಲ. ತೈಲದ ಒತ್ತಡದಿಂದ ನಡೆಯುವ ಒಳ್ಳೆಯ ಬ್ರೇಕುಗಳು ಬೇಕೆಂದು ಅವನು ವರ್ಷಗಟ್ಟಲೆ ಕೇಳಿದನು. ತಂದೆ ಒಪ್ಪಿದ್ದರಿಂದ ಅವು ಫೋರ್ಡ್ ಕಾರಿಗೆ ಬಂದದ್ದು 1939ರ ಮಾದರಿಯಲ್ಲಿ.

ಇನ್ನೂ ಕಹಿಯಾದ ಸಂಗತಿಗಳಿವೆ. ಮಕ್ಕಳ ಪತ್ರಿಕೆಯೆಂದು ಅವನ್ನು ಮುಚ್ಚಿಡುವುದು ಸರಿಯಲ್ಲ. 1920ರಿಂದ ಕೆಲವು ವರ್ಷ ಫೋರ್ಡ್ ತನ್ನ ಸ್ವಂತ ವಾರಪತ್ರಿಕೆಯಲ್ಲಿ ಯಹೂದಿ ಜನರ ವಿರುದ್ಧ ದ್ವೇಷದ ಲೇಖನಗಳನ್ನು ಪ್ರಕಟಿಸಿದನು. ಅವು ಪುಸ್ತಕವಾಗಿ ಜರ್ಮನಿಯಲ್ಲೂ ಹರಡಿದವು. 1927ರಲ್ಲಿ ಕ್ಷಮೆ ಕೇಳಿದನಾದರೂ, 1938ರಲ್ಲಿ, ತನ್ನ ಎಪ್ಪತ್ತೈದನೆಯ ಹುಟ್ಟುಹಬ್ಬದಂದು, ಹಿಟ್ಲರನ ಸರಕಾರ ಕಳಿಸಿದ ಪದಕವನ್ನು ಸ್ವೀಕರಿಸಿದನು. ಯಂತ್ರದ ಒಳಹೊರಗನ್ನು ಬಲ್ಲವನಿಗೆ ಮನುಷ್ಯರ ವಿಷಯದಲ್ಲಿ ಇಷ್ಟು ಕುರುಡು ಹೇಗೆ ಬಂದಿತೆಂದು ನಾವು ಬಹಳ ಯೋಚಿಸಿದ್ದೇವೆ.

1932ರ ಮಾರ್ಚ್ ತಿಂಗಳನ್ನು ನೋಡಿರಿ. ದೇಶದಲ್ಲಿ ಘೋರವಾದ ಆರ್ಥಿಕ ಮುಗ್ಗಟ್ಟು. ಕೆಲಸ ಕಳೆದುಕೊಂಡವರು ಲಕ್ಷೋಪಲಕ್ಷ. 7ನೆಯ ತಾರೀಖು ನಿರುದ್ಯೋಗಿಗಳ ಮೆರವಣಿಗೆಯೊಂದು ಕೆಲಸ ಕೇಳಿಕೊಂಡು ಫೋರ್ಡನ ಕಾರ್ಖಾನೆಯ ಕಡೆಗೆ ನಡೆಯಿತು. ಪೊಲೀಸರೂ ಕಂಪನಿಯ ಕಾವಲಿನವರೂ ಗುಂಡು ಹಾರಿಸಿದರು. ಆ ದಿನ ನಾಲ್ವರು ಸತ್ತರು. ಇನ್ನೊಬ್ಬ ಆಮೇಲೆ ತೀರಿಕೊಂಡನು. ಅದೇ ತಿಂಗಳ 31ರಂದು ಫೋರ್ಡ್ ತನ್ನ ಜೀವಮಾನದ ಕೊನೆಯ ದೊಡ್ಡ ಯಂತ್ರಸಾಧನೆಯನ್ನು ಲೋಕಕ್ಕೆ ತೋರಿಸಿದನು. ಅದೇ ವಿ8 ಎಂಜಿನ್ನು.

ವಿ8 ಎಂದರೆ ಎಂಟು ಸಿಲಿಂಡರುಗಳು ನಾಲ್ಕು ನಾಲ್ಕರಂತೆ ಎರಡು ಸಾಲಾಗಿ, ಇಂಗ್ಲಿಷಿನ ವಿ ಅಕ್ಷರದಂತೆ ಓರೆಯಾಗಿ ನಿಂತಿರುವ ಎಂಜಿನ್ನು. ಹಾಗೆ ನಿಲ್ಲಿಸಿದರೆ ಎಂಟು ಸಿಲಿಂಡರುಗಳಿದ್ದೂ ಉದ್ದ ಬೆಳೆಯುವುದಿಲ್ಲ, ಓಟವೂ ನಯ. ಇಂಥ ಎಂಜಿನ್ನು ಮೊದಲೂ ಇತ್ತು, ಶ್ರೀಮಂತರ ಕಾರಿನಲ್ಲಿ. ತುಂಡುತುಂಡಾಗಿ ಎರಕಹೊಯ್ದು ಜೋಡಿಸಬೇಕಾಗಿದ್ದುದರಿಂದ ಬಹಳ ದುಬಾರಿ. ಅರವತ್ತೆಂಟು ವರ್ಷದ ಫೋರ್ಡ್, ಎಡಿಸನನ ಹಳೆಯ ಪ್ರಯೋಗಶಾಲೆಯೊಂದರಲ್ಲಿ ಕೆಲವೇ ಯುವಕರನ್ನು ಗುಟ್ಟಾಗಿ ಕೂರಿಸಿಕೊಂಡು, ಆ ಇಡೀ ಮೈಯನ್ನು ಒಂದೇ ಎರಕದಲ್ಲಿ ಹೊಯ್ಯುವುದು ಹೇಗೆಂದು ಸಾಧಿಸಿದನು. ಗಾತ್ರ 3.6 ಲೀಟರು, ಶಕ್ತಿ 65 ಅಶ್ವಶಕ್ತಿ. ಹತ್ತೊಂಬತ್ತು ಲೀಟರಿನ 999 ಕೊಡುತ್ತಿದ್ದ ಎಂಬತ್ತರ ಪಕ್ಕದಲ್ಲಿಟ್ಟು ಈ ಲೆಕ್ಕವನ್ನು ವಿದ್ಯಾರ್ಥಿಗಳೇ ಮಾಡಿ ನೋಡಲಿ. ಕಾರಿನ ಬೆಲೆ 460 ಡಾಲರಿನಿಂದ ಶುರು.

ಈ ಅಗ್ಗದ ವಿ8 ಮುಂದೆ ಏನು ಮಾಡಿತೆಂಬುದನ್ನು ಅವನು ಊಹಿಸಿರಲಾರನು. ಎರಡನೆಯ ಮಹಾಯುದ್ಧ ಮುಗಿದು ಊರಿಗೆ ಮರಳಿದ ಯುವಕರು ಹಳೆಯ ಫೋರ್ಡ್ ಕಾರುಗಳನ್ನು ಅಗ್ಗಕ್ಕೆ ಕೊಂಡು, ಮಡ್‌ಗಾರ್ಡು ಮುಂತಾದ ಬೇಡದ ಭಾರವನ್ನೆಲ್ಲ ಕಿತ್ತುಹಾಕಿ, ಎಂಜಿನ್ನನ್ನು ತಿದ್ದಿ, ಕ್ಯಾಲಿಫೋರ್ನಿಯಾದ ಒಣಗಿದ ಸರೋವರಗಳ ಅಂಗಳದಲ್ಲೂ ಬೀದಿಗಳಲ್ಲೂ ಓಡಿಸತೊಡಗಿದರು. ಬೀದಿಯ ಓಟದಲ್ಲಿ ಸಾವುನೋವುಗಳಾದವು. 1950ರಲ್ಲಿ ಸಾಂಟಾ ಆನಾ ಎಂಬ ಊರಿನ ವಿಮಾನ ನಿಲ್ದಾಣದ ಪಟ್ಟಿಯಲ್ಲಿ ಕ್ರಮಬದ್ಧವಾದ ಪಂದ್ಯಗಳು ಆರಂಭವಾದವು. 1951ರಲ್ಲಿ ನಿಯಮಗಳನ್ನು ಮಾಡಲು ರಾಷ್ಟ್ರೀಯ ಸಂಘವೊಂದು ಹುಟ್ಟಿತು. ಹೀಗೆ ಡ್ರ್ಯಾಗ್ ರೇಸ್ ಬೆಳೆಯಿತು. ಅದರ ಬೆನ್ನಿಗೇ ನಾವು ಮೊದಲು ಹೇಳಿದ ಕಸುವಿನ ಕಾರುಗಳು ಬಂದವು.

ವಿಚಿತ್ರವೆಂದರೆ, ಹಳ್ಳಿಯ ಬಾಳನ್ನು ಮೋಟಾರಿನಿಂದ ಅಳಿಸಿದವನಿಗೆ ಮುಪ್ಪಿನಲ್ಲಿ ಹಳ್ಳಿಯ ಹಂಬಲ ಹತ್ತಿತು. ಡಿಯರ್‌ಬಾರ್ನಿನಲ್ಲಿ ಗ್ರೀನ್‌ಫೀಲ್ಡ್ ಎಂಬ ಹಳೆಯ ಕಾಲದ ಹಳ್ಳಿಯೊಂದನ್ನೇ ಕಟ್ಟಿಸಿ, ಕಮ್ಮಾರಸಾಲೆ, ಗಿರಣಿ, ಶಾಲೆಗಳನ್ನೂ ರೈಟ್ ಸಹೋದರರ ಸೈಕಲ್ ಅಂಗಡಿಯನ್ನೂ ಅಲ್ಲಿ ತಂದಿಟ್ಟನು. ಪಕ್ಕದ ವಸ್ತುಸಂಗ್ರಹಾಲಯದಲ್ಲಿ 999 ಈಗ ಸದ್ದಿಲ್ಲದೆ ನಿಂತಿದೆ. 1941ರ ಜುಲೈನಲ್ಲಿ ಅವನು ಗಾಂಧೀಜಿಯವರಿಗೆ ಗೌರವದ ಪತ್ರವೊಂದನ್ನು ಬರೆದನು. ಅದು ಸೇವಾಗ್ರಾಮಕ್ಕೆ ತಲುಪಿದ್ದು ಡಿಸೆಂಬರಿನಲ್ಲಿ. ಗಾಂಧೀಜಿ ಮರುಕಾಣಿಕೆಯಾಗಿ ತಮ್ಮ ಸಹಿ ಮಾಡಿದ ಒಂದು ಚರಕವನ್ನು ಕಳಿಸಿದರು. ಯುದ್ಧದ ನಡುವೆ ಕಡಲು ದಾಟಿ ಅದು ಫೋರ್ಡನ ಕೈ ಸೇರಿತು. ನಾರಾಯಣಪೇಟೆಯ ಮಗ್ಗಗಳ ಸದ್ದು ಕೇಳಿ ಬೆಳೆದ ನಮ್ಮ ಮಕ್ಕಳಿಗೆ ಚರಕವೆಂದರೇನೆಂದು ಹೇಳಬೇಕಾಗಿಲ್ಲ. ಜಗತ್ತಿನ ಅತಿ ದೊಡ್ಡ ಕಾರ್ಖಾನೆಗಳ ಒಡೆಯನೊಬ್ಬ ಅದನ್ನು ಕೈಯಲ್ಲಿ ಹಿಡಿದು ಕೂತ ನೋಟವನ್ನು ನಾವು ಆಗಾಗ ಕಲ್ಪಿಸಿಕೊಳ್ಳುವುದುಂಟು.

ಫೋರ್ಡನ ಬಾಳಿನಲ್ಲಿ ಮೇ 26 ಎಂಬ ದಿನ ಮತ್ತೆ ಮತ್ತೆ ಬರುತ್ತದೆ. 1927ರ ಮೇ 26ರಂದು ಒಂದೂವರೆ ಕೋಟಿಯನೆಯ ಟಿ ಕಾರು ಹೊರಬಂದಿತು. ತಂದೆ ಮಗ ಇಬ್ಬರೂ ಅದರಲ್ಲಿ ಕುಳಿತು ಸಾಗಿದರು. 1937ರ ಮೇ 26ರಂದು ಸಂಘ ಕಟ್ಟಲು ಬಂದ ಕಾರ್ಮಿಕ ನಾಯಕರನ್ನು ಕಂಪನಿಯ ಕಾವಲಿನವರು ಕಾರ್ಖಾನೆಯ ಮುಂದಿನ ಸೇತುವೆಯ ಮೇಲೆ ರಕ್ತ ಬರುವಂತೆ ಹೊಡೆದರು. ಸಂಘಕ್ಕೆ ಫೋರ್ಡ್ ಮಣಿದದ್ದು 1941ರಲ್ಲಿ. 1943ರ ಮೇ 26ರಂದು ಎಡ್ಸೆಲ್ ಹೊಟ್ಟೆಯ ಕ್ಯಾನ್ಸರಿನಿಂದ ತೀರಿಕೊಂಡನು. ವಯಸ್ಸು ನಲವತ್ತೊಂಬತ್ತು. ಮಂಜುಗಡ್ಡೆಯ ದಂಡೆಯಲ್ಲಿ ನಿಂತಿದ್ದ ಆ ಹುಡುಗ, ತಂದೆ ಬದುಕಿರುವಾಗಲೇ ಹೋದನು. ಎಪ್ಪತ್ತೊಂಬತ್ತರ ಮುದುಕ ನಡುಗುವ ಕೈಗಳಿಂದ ಮತ್ತೆ ಅಧ್ಯಕ್ಷತೆಯನ್ನು ಹಿಡಿದನು. ಮನೆಯವರು ಬಹಳ ಒತ್ತಾಯ ಮಾಡಿದ ಮೇಲೆ, 1945ರ ಸೆಪ್ಟೆಂಬರಿನಲ್ಲಿ, ಎಡ್ಸೆಲನ ಮಗನಿಗೆ ಅದನ್ನು ಬಿಟ್ಟುಕೊಟ್ಟನು.

1947ರ ಏಪ್ರಿಲ್ ಮೊದಲ ವಾರ ಮಿಷಿಗನ್ನಿನಲ್ಲಿ ಭಾರಿ ಮಳೆ. ಫೋರ್ಡನ ಮನೆಯ ಪಕ್ಕದ ನದಿ ಉಕ್ಕಿ, ಮನೆಗೆ ಬೆಳಕು ಕೊಡುತ್ತಿದ್ದ ಅವನ ಸ್ವಂತ ವಿದ್ಯುತ್ ಸ್ಥಾವರ ನೀರಿನಲ್ಲಿ ಮುಳುಗಿತು. ದೀಪವಿಲ್ಲ, ಟೆಲಿಫೋನಿಲ್ಲ. ಏಪ್ರಿಲ್ 7ರಂದು ಹಗಲು ಅವನು ಪ್ರವಾಹ ಮಾಡಿದ ಹಾನಿಯನ್ನು ನೋಡಿಕೊಂಡು ಬಂದು, ರಾತ್ರಿ ಬೇಗನೆ ಮಲಗಿದನು. ಎಚ್ಚರವಾದಾಗ ಉಸಿರು ಭಾರವಾಗಿತ್ತು. ಕ್ಲಾರಾ ನೀರು ಕುಡಿಸಿ, ತಲೆಯನ್ನು ತನ್ನ ಭುಜಕ್ಕೆ ಒರಗಿಸಿಕೊಂಡಳು. ವೈದ್ಯರನ್ನು ಕರೆಯಲು ಕಾರಿನ ಚಾಲಕನನ್ನು ಓಡಿಸಿದರು. ಅವರು ಬರುವ ಮುನ್ನವೇ, ಎಂಬತ್ತಮೂರನೆಯ ವಯಸ್ಸಿನಲ್ಲಿ, ಹೆನ್ರಿ ಫೋರ್ಡ್ ಕೊನೆಯುಸಿರೆಳೆದನು. ಕೋಣೆಯಲ್ಲಿ ಉರಿಯುತ್ತಿದ್ದುದು ಸೀಮೆಎಣ್ಣೆಯ ದೀಪ, ಒಂದೆರಡು ಮೇಣದ ಬತ್ತಿ. ಅವನು ಹುಟ್ಟಿದ ಹೊಲಮನೆಯಲ್ಲಿ ಇದ್ದಂಥವೇ.